ಮಾದರಿ ರೈಲು ಇಂಜಿನ್‌ಗೆ ಎಣ್ಣೆ ಎಷ್ಟು ಹಾಕಬೇಕು? ವಿಜಯಪುರದ ಧೂಳಿನಲ್ಲಿ ನನ್ನ ಅನುಭವ

ಇಂಜಿನ್ ತಡವರಿಸುತ್ತಾ ಓಡಿದರೆ ಮೊದಲು ಎಣ್ಣೆ ಬಾಟಲಿಗೆ ಕೈ ಹಾಕಬೇಡಿ. ನಾನು ಬಿಚ್ಚಿ ನೋಡಿದ ಇಂಜಿನ್‌ಗಳಲ್ಲಿ ಜಾಸ್ತಿ ಕೆಟ್ಟಿದ್ದು ಎಣ್ಣೆ ಹೆಚ್ಚಾಗಿ, ಕಡಿಮೆಯಾಗಿ ಅಲ್ಲ. ಅದರಲ್ಲೂ ನಮ್ಮ ವಿಜಯಪುರದಲ್ಲಿ ಬೇಸಿಗೆ ಬಂತೆಂದರೆ ಕಿಟಕಿ ಮುಚ್ಚಿದ್ದರೂ ಟೇಬಲ್ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. ಅದು ಎಣ್ಣೆಗೆ ಅಂಟಿಕೊಂಡು ಗೇರಿನ ಹಲ್ಲುಗಳ ನಡುವೆ ಸೇರಿದರೆ ಹಲ್ಲು ಸವೆಯುತ್ತಾ ಹೋಗುತ್ತದೆ.

ಗದಗ–ಸೊಲ್ಲಾಪುರ ಮಾರ್ಗದಲ್ಲಿ ಮೀಟರ್ ಗೇಜ್ ಗಾಡಿ ಓಡುತ್ತಿದ್ದ ಕಾಲದಿಂದ ನನಗೆ ಈ ಹುಚ್ಚು. ಈಗ ಇರುವುದೆಲ್ಲ ಎಚ್‌ಓ ಸ್ಕೇಲಿನ ಡೀಸೆಲ್ ಇಂಜಿನ್‌ಗಳು. ಅಂದರೆ ನಿಜವಾದ ಇಂಜಿನ್ನಿನ 87ರಲ್ಲಿ ಒಂದು ಪಾಲು, ಎರಡು ಹಳಿಗಳ ನಡುವೆ 16.5 ಮಿ.ಮೀ. ಅಂತರ, ಓಡುವುದು 12 ವೋಲ್ಟ್ ಡಿಸಿಯಲ್ಲಿ. ಕರೆಂಟು ಹಳಿಯಿಂದ ಚಕ್ರಕ್ಕೆ, ಚಕ್ರಕ್ಕೆ ತಾಗಿಕೊಂಡಿರುವ ತೆಳುವಾದ ಲೋಹದ ಪಟ್ಟಿಗೆ, ಅಲ್ಲಿಂದ ಮೋಟರಿಗೆ ಹೋಗುತ್ತದೆ. ಈ ದಾರಿಯಲ್ಲಿ ಎಲ್ಲಿ ಕೊಳೆ ಕೂತರೂ ಇಂಜಿನ್ ಜರ್ಕ್ ಹೊಡೆಯುತ್ತದೆ. ಹಾಗಾಗಿ ಕೆಲಸ ಶುರುವಾಗುವುದು ಚಕ್ರದಿಂದ.

ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಐಪಿಎ ಅಂತ ಬಳಸುತ್ತಾರಲ್ಲ, ಆ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಕೊರೊನಾ ಕಾಲದ ಸ್ಯಾನಿಟೈಸರ್ ಉಳಿದಿದೆ, ಅದೇ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಆಗಲ್ಲ. ಅದರಲ್ಲಿ ಕೈ ಒಣಗದಿರಲಿ ಅಂತ ಗ್ಲಿಸರಿನ್ ಥರದ್ದು ಸೇರಿಸಿರುತ್ತಾರೆ, ಅದು ಚಕ್ರದ ಮೇಲೆ ಅಂಟಾಗಿ ಉಳಿಯುತ್ತದೆ.

ಟಿಶ್ಯೂ ಪೇಪರನ್ನು ಐಪಿಎಯಲ್ಲಿ ನೆನೆಸಿ ಹಳಿಯ ಮೇಲೆ ಅಡ್ಡ ಹಾಸುತ್ತೇನೆ. ಇಂಜಿನ್ನಿನ ಮುಂದಿನ ಚಕ್ರಗಳು ಟಿಶ್ಯೂ ಮೇಲೆ, ಹಿಂದಿನವು ಬರೀ ಹಳಿಯ ಮೇಲೆ. ಹಿಂದಿನ ಚಕ್ರಗಳಿಂದ ಕರೆಂಟು ಸಿಗುವುದರಿಂದ ಮೋಟರು ತಿರುಗುತ್ತದೆ. ಇಂಜಿನ್ ಓಡಿಹೋಗದಂತೆ ಮೈಯನ್ನು ಹಗುರವಾಗಿ ಹಿಡಿದು ಅರ್ಧ ವೇಗ ಕೊಟ್ಟರೆ, ಟಿಶ್ಯೂ ಮೇಲೆ ಎರಡು ಕಪ್ಪು ಗೆರೆ ಮೂಡುತ್ತವೆ. ಪೇಪರ್ ಸ್ವಲ್ಪ ಸರಿಸಿ ಮತ್ತೆ ಓಡಿಸಿ. ಗೆರೆ ಬೂದು ಬಣ್ಣಕ್ಕೆ ಬಂದ ಮೇಲೆ ಇಂಜಿನ್ ತಿರುಗಿಸಿ ಇನ್ನೊಂದು ಕಡೆಯ ಚಕ್ರಗಳಿಗೂ ಹೀಗೇ ಮಾಡಿ. ಸ್ಯಾಂಡ್ ಪೇಪರ್ ಮಾತ್ರ ಬೇಡವೇ ಬೇಡ. ಅದು ಎಳೆದ ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಐಪಿಎಗೆ ಬೇಗ ಬೆಂಕಿ ಹತ್ತುತ್ತದೆ, ಕಿಟಕಿ ತೆಗೆದಿಟ್ಟೇ ಕೆಲಸ ಮಾಡಿ. ಮೇಲಿನ ಬಣ್ಣಕ್ಕೂ ತಾಗಿಸಬೇಡಿ.

ಆಮೇಲೆ ಮೇಲಿನ ಕವಚ ಬಿಚ್ಚುವುದು. ಸ್ಕ್ರೂ ಇರಬಹುದು, ಬರೀ ಕ್ಲಿಪ್ ಇರಬಹುದು. ಕ್ಲಿಪ್ ಇದ್ದರೆ ಹಳೇ ಎಟಿಎಂ ಕಾರ್ಡಿನ ಚೂರುಗಳನ್ನು ಎರಡೂ ಬದಿಗೆ ತೂರಿಸಿದರೆ ಸಡಿಲವಾಗುತ್ತದೆ. ವೈರುಗಳ ಫೋಟೋ ತೆಗೆದಿಟ್ಟುಕೊಳ್ಳಿ.

ಒಳಗೆ ಮೋಟರಿನ ಶಾಫ್ಟಿನಿಂದ ವರ್ಮ್ ಗೇರ್ (ಸ್ಕ್ರೂ ಥರ ಸುರುಳಿ ಹಲ್ಲಿನ ಗೇರ್), ಅಲ್ಲಿಂದ ಚಕ್ರದವರೆಗೆ ಸಣ್ಣ ಪ್ಲಾಸ್ಟಿಕ್ ಗೇರುಗಳ ಸಾಲು. ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಇದ್ದ ಇಂಜಿನ್ನಿನಲ್ಲಿ ಗ್ರೀಸು ಕಾಕಂಬಿ ಥರ ಕಂದಾಗಿ ಗಟ್ಟಿಯಾಗಿರುತ್ತದೆ. ಇದರ ಮೇಲೆ ಹೊಸ ಗ್ರೀಸು ಹಚ್ಚಿದರೆ ಏನೂ ಉಪಯೋಗವಿಲ್ಲ. ಹಳೆಯದನ್ನು ಹಲ್ಲುಕಡ್ಡಿಯಿಂದ ಕೆರೆದು, ಹಲ್ಲುಜ್ಜುವ ಬ್ರಷ್ಷಿಗೆ ಐಪಿಎ ತಾಗಿಸಿ ಉಜ್ಜಿ, ಪೂರ್ತಿ ಒಣಗಲು ಬಿಡಬೇಕು. ಚಕ್ರದ ಅಚ್ಚಿಗೆ ಸುತ್ತಿಕೊಂಡ ಕೂದಲು, ಜಮಖಾನದ ನೂಲು ಸಿಗುವುದು ಗ್ಯಾರಂಟಿ. ಅದನ್ನು ಚಿಮಟದಿಂದ ಎಳೆಯಿರಿ. ನೆಲದ ಮೇಲೆ ಹಳಿ ಜೋಡಿಸುವವರ ಮನೆಯಲ್ಲಿ ಇದು ತಪ್ಪಿದ್ದಲ್ಲ.

ಈಗ ಎಣ್ಣೆ. ವಾಚ್ ರಿಪೇರಿ ಮಾಡುವ ಹಿರಿಯರೊಬ್ಬರು ನನಗೆ ಹೇಳಿದ್ದು ಇಷ್ಟೇ: "ಸೂಜಿ ತುದೀಲೆ ಮುಟ್ಟಿಸ್ರಿ, ಸುರೀಬ್ಯಾಡ್ರಿ." ಸೂಜಿಯನ್ನು ಎಣ್ಣೆಯಲ್ಲಿ ಅದ್ದಿ ಎತ್ತಿದಾಗ ತುದಿಯಲ್ಲಿ ನಿಲ್ಲುವ ಹನಿ ಒಂದು ಜಾಗಕ್ಕೆ ಬೇಕಾದಷ್ಟಾಯಿತು. ಅದು ಹೋಗಬೇಕಾದದ್ದು ಮೋಟರಿನ ಎರಡೂ ತುದಿಯ ಬೇರಿಂಗಿಗೆ, ಅಚ್ಚು ಕೂರುವ ಜಾಗಕ್ಕೆ. ವರ್ಮ್ ಗೇರಿಗೆ ಎಣ್ಣೆ ಅಲ್ಲ, ಗ್ರೀಸು, ಅದೂ ಹಲ್ಲುಕಡ್ಡಿಯ ತುದಿಯಷ್ಟು. ಎಣ್ಣೆ, ಗ್ರೀಸು ಎರಡೂ ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಬಗೆಯವು ಅಂತ ಲೇಬಲ್ ಮೇಲೆ ಬರೆದಿರಬೇಕು, ಕೆಲವು ಎಣ್ಣೆಗೆ ಪ್ಲಾಸ್ಟಿಕ್ ಮೆತ್ತಗಾಗಿ ಬಿರುಕು ಬಿಡುತ್ತದೆ. ಮನೆಯ ಕೊಬ್ಬರಿ ಎಣ್ಣೆ ಬೇಡ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಡಿಸೆಂಬರ್ ರಾತ್ರಿ ಸಾಕು ಅದಕ್ಕೆ.

ಮೋಟರಿನ ಕಮ್ಯುಟೇಟರ್, ಅಂದರೆ ಶಾಫ್ಟಿನ ಸುತ್ತ ತಾಮ್ರದ ತುಣುಕುಗಳನ್ನು ಜೋಡಿಸಿದ ಭಾಗ, ಅದರ ಹತ್ತಿರ ಎಣ್ಣೆ ಸುಳಿಯಬಾರದು. ಅದಕ್ಕೆ ಒತ್ತಿಕೊಂಡು ಕರೆಂಟು ಕೊಡುವ ಕಾರ್ಬನ್ ಬ್ರಷ್ಷಿನ ಪುಡಿ ಎಣ್ಣೆಯಲ್ಲಿ ಕಲಸಿ, ಆ ತುಣುಕುಗಳ ನಡುವಿನ ಸಂದಿಯಲ್ಲಿ ತುಂಬಿಕೊಂಡರೆ ಮೋಟರು ಶಾರ್ಟ್ ಆಗಿ ಬಿಸಿಯಾಗುತ್ತದೆ. ಕೆಲವು ಇಂಜಿನ್ನಿನ ಚಕ್ರಕ್ಕೆ ಹಳಿ ಹಿಡಿಯಲಿ ಅಂತ ರಬ್ಬರ್ ರಿಂಗ್ ಹಾಕಿರುತ್ತಾರೆ. ಎಣ್ಣೆ ಅಲ್ಲಿಗೂ ತಾಗಬಾರದು, ತಾಗಿದರೆ ಚಕ್ರ ಜಾರಿ ನಿಂತಲ್ಲೇ ಸುತ್ತುತ್ತದೆ.

ಕವಚ ಹಾಕುವ ಮೊದಲು ಸ್ವಲ್ಪ ಹೊತ್ತು ಮುಂದಕ್ಕೆ, ಸ್ವಲ್ಪ ಹೊತ್ತು ಹಿಂದಕ್ಕೆ ಓಡಿಸಿ, ಹೊರಗೆ ಚಿಮ್ಮಿದ ಎಣ್ಣೆ ಒರೆಸುತ್ತೇನೆ. ಹಳಿಗೆ ಹೋಗುವ ವೈರಿನಲ್ಲಿ ಮಲ್ಟಿಮೀಟರ್ ಸೇರಿಸಿ ಆಂಪ್ ನೋಡುವುದು ನನ್ನ ಅಭ್ಯಾಸ. ಕ್ಲೀನ್ ಮಾಡುವ ಮೊದಲು ಎಷ್ಟಿತ್ತು, ಆಮೇಲೆ ಎಷ್ಟು ಅಂತ ಬರೆದಿಡುತ್ತೇನೆ. ಇಳಿದಿದ್ದರೆ ಸರಿ. ಇಳಿಯದೆ, ಚಕ್ರದ ಪ್ರತಿ ಸುತ್ತಿಗೂ ಟಕ್ ಟಕ್ ಅಂತ ಸದ್ದು ಬರುತ್ತಿದ್ದರೆ ಅಚ್ಚಿನ ಮೇಲಿನ ಪ್ಲಾಸ್ಟಿಕ್ ಗೇರ್ ಸೀಳಿರುವ ಸಾಧ್ಯತೆ ಹೆಚ್ಚು. ಭೂತಗನ್ನಡಿ ಹಿಡಿದು ನೋಡಿ, ಸೀಳಿದ್ದರೆ ಹೊಸ ಗೇರ್ ತರಿಸಬೇಕು.