ಕಪ್ಪಿಟ್ಟ ಕೆಂಪು ಕಲ್ಲಿಗೆ ಹೊಸ ಬೇಗಡೆ

ಭರತನಾಟ್ಯದ ಸರದಲ್ಲಿ ಒಂದೆರಡು ಕೆಂಪು ಕಲ್ಲು ಮಾತ್ರ ಕಪ್ಪಿಟ್ಟಿವೆಯೇ? ಕಲ್ಲು ಕೆಟ್ಟಿಲ್ಲ. ಕೆಟ್ಟಿರುವುದು ಅದರ ಕೆಳಗಿನ ಬೇಗಡೆ, ಅಂದರೆ ತೆಳ್ಳನೆಯ ಲೋಹದ ಹಾಳೆ.

ಇಂಥ ಕಲ್ಲುಗಳು ಹೆಚ್ಚಾಗಿ ಗಾಜು. ಬೆಳಕನ್ನು ಬಾಗಿಸುವ ಶಕ್ತಿ ವಜ್ರಕ್ಕೆ 2.42, ಮಾಮೂಲಿ ಗಾಜಿಗೆ ಸುಮಾರು 1.5. ವಜ್ರ ಒಳಗೆ ಬಂದ ಬೆಳಕನ್ನು ತಿರುಗಿಸಿ ಮೇಲಕ್ಕೇ ಕಳಿಸುತ್ತದೆ. ಗಾಜಿನಲ್ಲಿ ಅದು ಬೆನ್ನ ಕಡೆಯಿಂದ ಸೋರಿಹೋಗುತ್ತದೆ. ಅದನ್ನು ತಡೆದು ವಾಪಸ್ ಕಳಿಸುವುದೇ ಬೇಗಡೆಯ ಕೆಲಸ. ಇದು ಬರೀ ನಕಲಿಯ ಕಸರತ್ತಲ್ಲ. ಕುಂದಣದ ಒಡವೆಗಳಲ್ಲಿ ಅಸಲಿ ಹರಳಿನ ಕೆಳಗೂ ಬೇಗಡೆ ಇಡುತ್ತಾರೆ. ಅಂಥ ಹಳೇ ಚಿನ್ನದ ಒಡವೆಗೆ ಮಾತ್ರ ನೀವು ಕೈ ಹಾಕಬೇಡಿ, ಕಲ್ಲು ಕಟ್ಟುವವರಿಗೇ ಕೊಡಿ.

ಮೊದಲು ಕಲ್ಲನ್ನು ಹಿಡಿದಿರುವ ಅಂಚನ್ನು ಸೂಜಿಯಿಂದ ಸ್ವಲ್ಪ ಸ್ವಲ್ಪವೇ ಎತ್ತಿ, ಕಲ್ಲು ಬಿಡಿಸಿ. ಹಳೇ ಬೇಗಡೆಯ ಚೂರು, ಅಂಟು ಏನಿದ್ದರೂ ಕಡ್ಡಿಯಿಂದ ಕೆರೆದು ತೆಗೆಯಿರಿ. ಕಲ್ಲನ್ನು ಒಣಬಟ್ಟೆಯಲ್ಲಿ ಒರೆಸಿ. ಬೆರಳಚ್ಚು ಉಳಿದರೂ ಆಮೇಲೆ ಎದ್ದು ಕಾಣುತ್ತದೆ.

ಬೇಗಡೆ ಸಿಗದಿದ್ದರೆ ಚಾಕೊಲೇಟಿನ ಬೆಳ್ಳಿ ಬಣ್ಣದ ಹಾಳೆಯೂ ಆಗುತ್ತದೆ. ಕಲ್ಲು ಬಣ್ಣದ್ದಾದರೆ ಬೆಳ್ಳಿ ಬಣ್ಣದ ಹಾಳೆ ಸಾಕು. ಬಿಳಿ ಗಾಜಾದರೆ ಕೆಂಪು ಹಾಳೆ ಇಟ್ಟು ನೋಡಿ, ಕಲ್ಲೇ ಕೆಂಪಾಗಿ ಕಾಣುತ್ತದೆ! ಹಾಳೆಯನ್ನು ಉಗುರಿನ ಬೆನ್ನಿಂದ ತೀಡಿ ಸುಕ್ಕು ಬಿಡಿಸಿ. ಕಲ್ಲನ್ನು ಅದರ ಮೇಲಿಟ್ಟು ಸುತ್ತ ಗೆರೆ ಎಳೆದು, ಗೆರೆಯ ಒಳಗೇ ಕತ್ತರಿಸಿ.

ಹೊಳೆಯುವ ಮುಖ ಮೇಲಿರುವಂತೆ ಹಾಳೆಯನ್ನು ಗುಳಿಯಲ್ಲಿಟ್ಟು, ಮೇಲೆ ಕಲ್ಲು ಕೂರಿಸಿ. ಹಾಳೆಗೂ ಕಲ್ಲಿಗೂ ನಡುವೆ ಅಂಟು ಬೇಡವೇ ಬೇಡ. ಎಲ್ಲರೂ ಎಡವುವುದು ಇಲ್ಲೇ. ಅಂಟಿನ ಗುಳ್ಳೆ, ಕಲೆ ಎಲ್ಲ ಗಾಜಿನೊಳಗಿಂದ ಕಾಣುತ್ತವೆ ಅಲ್ವಾ? ಅಂಚನ್ನು ಕಡ್ಡಿಯ ತುದಿಯಿಂದ ಒಂದೊಂದೇ ಕಡೆ ಎದುರುಬದುರಾಗಿ ಒತ್ತಿ ಮುಚ್ಚಿ. ಒಂದೇ ಕಡೆ ಜಾಸ್ತಿ ಒತ್ತಿದರೆ ಕಲ್ಲು ವಾರೆಯಾಗುತ್ತದೆ.

ಅಂಚು ಸಡಿಲವಿದ್ದರೆ ಎರಡು ಟ್ಯೂಬಿನ ಎಪಾಕ್ಸಿ ಅಂಟು ಕಲಸಿ, ಹಲ್ಲುಕಡ್ಡಿಯಲ್ಲಿ ಅಂಚಿನ ಸುತ್ತ ಮಾತ್ರ ಹಚ್ಚಿ. ಸೂಪರ್ ಗ್ಲೂ ಬೇಡ, ಅದರ ಆವಿಯಿಂದ ಕಲ್ಲಿನ ಸುತ್ತ ಬಿಳಿ ಪದರ ಕೂರುತ್ತದೆ. ಒಂದಿಡೀ ದಿನ ಮುಟ್ಟದೆ ಬಿಡಿ.

ಮುಂದೆ ಈ ಸರವನ್ನು ನೀರಿಗೆ ಹಾಕಿ ತೊಳೆಯಬೇಡಿ. ಅಂಚಿನಿಂದ ಒಳಗೆ ಸೇರಿದ ನೀರು ಹೊರಗೆ ಬರುವುದಿಲ್ಲ, ಬೇಗಡೆ ಮತ್ತೆ ಕಪ್ಪಾಗುತ್ತದೆ. ಕುಣಿದ ಮೇಲೆ ಬೆವರನ್ನು ಒಣಬಟ್ಟೆಯಲ್ಲಿ ಒರೆಸಿ, ಗಾಳಿಗೆ ಆರಿಸಿ, ಆಮೇಲೆ ಡಬ್ಬಿಗೆ ಹಾಕಿ.