ಮೂರನೇ ಸಲಕ್ಕೆ ಕೈಗೆ ಹತ್ತಿದ ಸಾವಯವ ಖರೀದಿ

ಇನ್ನು ಮನೆಗೆ ಸಾವಯವ ಪದಾರ್ಥಗಳನ್ನೇ ತರುತ್ತೇನೆ ಅಂದಾಗ "ಎರಡೇ ತಿಂಗಳು, ಆಮೇಲೆ ಹಳೇ ಅಂಗಡಿಗೇ ಹೋಗ್ತೀಯ ನೋಡು" ಅಂದಿದ್ದರು ಅಮ್ಮ. ಅವರ ತಪ್ಪೇನಿಲ್ಲ, ಅದಕ್ಕೆ ಮುಂಚೆ ಎರಡು ಸಲ ಹಾಗೇ ಆಗಿತ್ತು. ಈ ಸಲ ಎರಡು ವರ್ಷ ದಾಟಿದೆ. ಅದಕ್ಕೇ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಮೊದಲ ಸಲ ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಒಂದೇ ದಿನ ಬದಲಾಯಿಸಿದೆ. ಹಣ್ಣು, ತರಕಾರಿ, ಕಾಳು, ಎಣ್ಣೆ, ಬಿಸ್ಕತ್ತು ಕೂಡ. ತಿಂಗಳ ಬಿಲ್ಲು ಹೆಚ್ಚುಕಡಿಮೆ ಡಬಲ್. ಆರು ವಾರಕ್ಕೆ ಸುಸ್ತಾದೆ. ಲೆಕ್ಕ ಹಾಕಿದರೆ ಹೆಚ್ಚಿಗೆ ಹೋದ ದುಡ್ಡಿನಲ್ಲಿ ಅರ್ಧ ಬಿಸ್ಕತ್ತು, ಜ್ಯೂಸಿಗೇ ಸುರಿದಿತ್ತು. ಸಾವಯವ ಸಕ್ಕರೆಯೂ ಸಕ್ಕರೆಯೇ ಅಲ್ವಾ! ಇನ್ನು ಕೆಲವು ಪ್ಯಾಕೆಟ್ಟುಗಳ ಮೇಲೆ ಹಸಿರು ಅಕ್ಷರದಲ್ಲಿ ‘ನ್ಯಾಚುರಲ್’ ಅಂತಿತ್ತು, ಅಷ್ಟೇ. ಹಿಂದೆ ತಿರುಗಿಸಿ ನೋಡಿದರೆ ಪ್ರಮಾಣೀಕರಣದ ಗುರುತೇ ಇಲ್ಲ.

ಎರಡನೇ ಸಲ ಜಾಣತನ ಮಾಡಲು ಹೋಗಿ ಸಗಟಿನಲ್ಲಿ ತಂದೆ. ಹಿಟ್ಟು ಹತ್ತು ಕಿಲೋ, ಆಲೂಗಡ್ಡೆ ಹತ್ತು ಕಿಲೋ. ಮೂರು ವಾರ ಬಿಟ್ಟು ನೋಡಿದರೆ ಚೀಲದ ತೂತುಗಳಿಂದ ಬಿಳಿ ಮೊಳಕೆಗಳು ಇಣುಕುತ್ತಿದ್ದವು. ಮಾಮೂಲಿ ಆಲೂಗಡ್ಡೆಗೆ ಗೋದಾಮಿನಲ್ಲಿ ಮೊಳಕೆ ತಡೆಯುವ ರಾಸಾಯನಿಕ ಹೊಡೆಯುವುದುಂಟು, ಸಾವಯವಕ್ಕೆ ಅದು ಇಲ್ಲ. ಹಿಟ್ಟಿಗೆ ಹುಳ ಬಿತ್ತು. "ಹುಳ ಬಿತ್ತು ಅಂದ್ರೆ ಅಸಲಿ ಸಾವಯವ ಕಣೋ" ಅಂದ ಗೆಳೆಯ. ಸುಮ್ನೆ ಸಮಾಧಾನದ ಮಾತು. ಸರಿಯಾಗಿ ಇಡದಿದ್ದರೆ ಯಾವ ಹಿಟ್ಟಿಗೂ ಹುಳ ಬೀಳುತ್ತದೆ. ತಂದದ್ದರಲ್ಲಿ ಮೂರನೇ ಒಂದು ಭಾಗ ಕಸಕ್ಕೆ ಹೋಯಿತು. ಈಗ ಹಿಟ್ಟು ತಂದ ಕೂಡಲೇ ನಾಲ್ಕು ದಿನ ಫ್ರೀಜರ್‌ನಲ್ಲಿಟ್ಟು ಆಮೇಲೆ ಡಬ್ಬಿಗೆ ಹಾಕುತ್ತೇನೆ.

ಮೂರನೇ ಸಲ ಒಂದೇ ಕಟ್ಟುಪಾಡು: ಡಬ್ಬಿ ಖಾಲಿಯಾದ ಮೇಲೇ ಬದಲಾವಣೆ, ಅದೂ ತಿಂಗಳಿಗೆ ಎರಡೇ ಪದಾರ್ಥ. ಸೇಬು, ಪಾಲಕ್, ಸ್ಟ್ರಾಬೆರಿ ಮೊದಲು, ಸಿಪ್ಪೆ ತೆಗೆಯದೆ ತಿನ್ನುವಂಥವು. ಈರುಳ್ಳಿ, ಅನಾನಸ್ ಇವತ್ತಿಗೂ ಮಾಮೂಲಿಯವೇ. ಬಿಡಿ ಹಣ್ಣಾದರೆ ಸ್ಟಿಕ್ಕರ್ ನೋಡುತ್ತೇನೆ. 9ರಿಂದ ಶುರುವಾಗುವ ಐದು ಅಂಕಿ ಇದ್ದರೆ ಸಾವಯವ, ಬರೀ ನಾಲ್ಕು ಅಂಕಿ ಇದ್ದರೆ ಮಾಮೂಲಿ. ಅದೊಂದನ್ನೇ ನಂಬಿ ಕೂರುವುದಿಲ್ಲ, ಸ್ಟಿಕ್ಕರ್ ಅಂಟಿಸುವುದೇನು ಕಷ್ಟ?

ದುಡ್ಡು ಉಳಿದದ್ದು ಬೇರೆ ಕಡೆ. ಪ್ರಮಾಣಪತ್ರ ಸಿಗುವ ಮುಂಚೆ ಜಮೀನನ್ನು ಎರಡು ಮೂರು ವರ್ಷ ಸಾವಯವದಲ್ಲೇ ನಡೆಸಬೇಕು. ಆ ಅವಧಿಯಲ್ಲಿ ರೈತರಿಗೆ ಖರ್ಚು ಪೂರ್ತಿ, ಸಾವಯವದ ಬೆಲೆ ಮಾತ್ರ ಇಲ್ಲ. ನಾನು ಅಂಥ ಇಬ್ಬರಿಂದ ಕೊಳ್ಳುತ್ತೇನೆ. ಅವರಿಗೂ ಗಿಟ್ಟುತ್ತದೆ, ನನಗೂ. ಅವರನ್ನು ಹುಡುಕಿದ್ದು ಹೇಗೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ. ಈಗ ಬಿಲ್ಲು ಹಳೆಯದಕ್ಕಿಂತ ಶೇಕಡ 15ರಷ್ಟು ಜಾಸ್ತಿ ಇರಬಹುದು.

ನಡುವೆ ಸೋಡಾದ ಹುಚ್ಚೂ ಹಿಡಿದಿತ್ತು. 2017ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬನ್ನು ಅಡುಗೆ ಸೋಡಾ ನೀರಿನಲ್ಲಿ 12–15 ನಿಮಿಷ ನೆನೆಸಿ, ಮೇಲಿನ ಕೀಟನಾಶಕ ಬಹುಪಾಲು ಹೋಗುತ್ತದೆ ಅಂತ ತೋರಿಸಿದ್ದರು. ಸಿಪ್ಪೆಯೊಳಗೆ ಇಳಿದದ್ದು ಹೋಗುವುದಿಲ್ಲ. ಸಾವಯವ ಸೇಬು ಸಿಗದ ವಾರ ಹೀಗೇ ತೊಳೆದು ತಿನ್ನುತ್ತೇನೆ.

ಎಣ್ಣೆ ಒಂದು ಇನ್ನೂ ಬಗ್ಗಿಲ್ಲ. ಬೆಲೆ ಎರಡೂವರೆ ಪಟ್ಟು. ಡಬ್ಬಿಯಲ್ಲಿ ಇನ್ನೊಂದು ವಾರಕ್ಕೆ ಆಗುವಷ್ಟಿದೆ.