ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಜೊತೆಗೆ ಉಬುಂಟು: ನಾನು ಮಾಡಿಕೊಂಡ ಬಗೆ

ಲಿನಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್ ಆದ ಉಬುಂಟು ಇನ್‌ಸ್ಟಾಲ್ ಆಗಲು ನನಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಅದಕ್ಕೆ ಮುಂಚಿನ ತಯಾರಿಗೆ ಎರಡು ಸಂಜೆ ಬೇಕಾಯಿತು. ಎರಡು ಸಿಸ್ಟಮ್ ಅಂದರೂ ಡಿಸ್ಕ್ ಒಂದೇ, ಗಡಿಯಾರ ಒಂದೇ, ಆನ್ ಮಾಡಿದಾಗ ಮೊದಲು ಓದುವ ಪುಟ್ಟ ಪಾರ್ಟಿಷನ್ನೂ (ಡಿಸ್ಕಿನಲ್ಲಿ ಬೇರೆ ಮಾಡಿದ ಭಾಗ) ಒಂದೇ. ನನಗೆ ತೊಡಕು ಬಂದದ್ದೆಲ್ಲ ಹೀಗೆ ಇಬ್ಬರಿಗೂ ಸೇರಿದ ಜಾಗಗಳಲ್ಲೇ.

ನನ್ನದು 512 ಜಿಬಿ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಇರುವ ಯಂತ್ರ. ಅದರಲ್ಲಿ ವಿಂಡೋಸ್ 11 ಇತ್ತು. ಮನೆಯವರು ಬಳಸುವ ಲೆಕ್ಕದ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ, ಹಾಗಾಗಿ ಅದನ್ನು ತೆಗೆಯುವ ಹಾಗಿರಲಿಲ್ಲ. ನನಗೆ ಪ್ರೋಗ್ರಾಮಿಂಗ್ ಕಲಿಯಲು ಲಿನಕ್ಸ್ ಬೇಕಿತ್ತು. ವಿಂಡೋಸ್ ಒಳಗೇ ವರ್ಚುವಲ್ ಯಂತ್ರ (ಸಾಫ್ಟ್‌ವೇರಿನಿಂದಲೇ ಆದ ಇನ್ನೊಂದು ಕಂಪ್ಯೂಟರ್) ಮಾಡಿ ನೋಡಿದೆ. 8 ಜಿಬಿಯನ್ನು ಇಬ್ಬರಿಗೂ ಹಂಚಿದರೆ ಇಬ್ಬರೂ ನಿಧಾನ. ಪ್ರತ್ಯೇಕ ಪಾರ್ಟಿಷನ್ನೇ ಸರಿ ಅನ್ನಿಸಿತು.

ಮೊದಲು ಫೋಟೋ, ಕಡತ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಹಾಕಿಕೊಂಡೆ. ಆಮೇಲೆ ಬಿಟ್‌ಲಾಕರ್ ನೋಡಿದೆ. ಕೀ ಇಲ್ಲದೆ ಓದಲಾಗದಂತೆ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್ ಸೌಲಭ್ಯ ಅದು. ವಿಂಡೋಸ್ 11ರಲ್ಲಿ ಎಷ್ಟೋ ಸಲ ನಮಗೆ ಗೊತ್ತಿಲ್ಲದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ. ನನ್ನದೂ ಆಗಿತ್ತು. ಹಾಗಿರುವಾಗ ಬೂಟ್ (ಯಂತ್ರ ಏಳುವ) ಸೆಟ್ಟಿಂಗ್ ಮುಟ್ಟಿದರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಕೈಯಲ್ಲಿಲ್ಲದಿದ್ದರೆ ಡಿಸ್ಕಿನಲ್ಲಿರುವುದು ಸಿಗುವುದೇ ಇಲ್ಲ. ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಎನ್‌ಕ್ರಿಪ್ಷನ್ ಆಫ್ ಮಾಡಿ, ಅದು ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾದೆ. ಬೇರೆ ಯಾವ ಹೆಜ್ಜೆ ಬಿಟ್ಟರೂ ಸರಿಮಾಡಿಕೊಳ್ಳಬಹುದು, ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಉಬುಂಟುವಿಗೆ ಜಾಗ ಬಿಡಿಸಲು ಸಿ ಡ್ರೈವನ್ನು ಶ್ರಿಂಕ್ ಮಾಡಲು (ಕುಗ್ಗಿಸಲು) ಹೊರಟಾಗ ಮೊದಲ ತಡೆ ಬಂತು. ಡ್ರೈವಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಇತ್ತು. ಆದರೂ ಬರೀ 20 ಜಿಬಿಯಷ್ಟು ಮಾತ್ರ ಬಿಡಿಸಬಹುದು ಎಂದು ತೋರಿಸಿತು. ಪೇಜ್ ಫೈಲ್ (ರ‍್ಯಾಮ್ ಸಾಲದಾಗ ಬಳಸುವ ಕಡತ), ಹೈಬರ್ನೇಷನ್ ಫೈಲ್ (ಯಂತ್ರ ಮಲಗುವಾಗ ರ‍್ಯಾಮ್‌ನಲ್ಲಿದ್ದುದನ್ನು ಉಳಿಸುವ ಕಡತ), ರಿಸ್ಟೋರ್ ಪಾಯಿಂಟ್‌ಗಳಂಥವು (ಹಿಂದಿನ ಸ್ಥಿತಿಗೆ ಮರಳಲು ಉಳಿಸಿದ್ದು) ಡ್ರೈವಿನ ನಡುವೆ ಎಲ್ಲೋ ಕೂತಿರುತ್ತವೆ. ವಿಂಡೋಸ್ ಓಡುತ್ತಿರುವಾಗ ಅವನ್ನು ಸರಿಸಲು ಬರುವುದಿಲ್ಲ. ಅವುಗಳಿಂದ ಆಚೆಗಿರುವ ಖಾಲಿ ಜಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ನೋಡಿದೆ. ಈ ಸಲ 120 ಜಿಬಿ ಸಲೀಸಾಗಿ ಬಂತು. ಆಮೇಲೆ ಪೇಜ್ ಫೈಲ್ ಮತ್ತು ರಿಸ್ಟೋರ್ ಪಾಯಿಂಟ್ ಮತ್ತೆ ಆನ್ ಮಾಡಿದೆ, ಹೈಬರ್ನೇಷನ್ ಮಾತ್ರ ಮಾಡಲಿಲ್ಲ. ಅದು ಹೋದರೆ ಫಾಸ್ಟ್ ಸ್ಟಾರ್ಟಪ್ಪೂ ಹೋಗುತ್ತದೆ, ಅದೂ ಹೋಗಲೇಬೇಕಿತ್ತು. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಡ್ರೈವನ್ನು ಅರ್ಧ ತೆರೆದಿಟ್ಟೇ ಮಲಗುತ್ತದೆ. ಅಂಥ ಡ್ರೈವಿಗೆ ಲಿನಕ್ಸ್‌ನಿಂದ ಬರೆದರೆ ಕಡತಗಳು ಕೆಡಬಹುದು.

ಪೆನ್‌ಡ್ರೈವ್ ಕೆಲಸ ಸುಲಭ. ಉಬುಂಟು 24.04ರ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಕಡತ) ಇಳಿಸಿಕೊಂಡು, ಅದು ಕೆಟ್ಟಿಲ್ಲವೆಂದು ಚೆಕ್‌ಸಮ್ ತಾಳೆ ನೋಡಿ, ರೂಫಸ್ ಎಂಬ ಸಾಫ್ಟ್‌ವೇರ್‌ನಿಂದ ಪೆನ್‌ಡ್ರೈವಿಗೆ ಬರೆದೆ. ತಕ್ಷಣ ಇನ್‌ಸ್ಟಾಲ್ ಮಾಡದೆ, ಪೆನ್‌ಡ್ರೈವಿನಿಂದಲೇ ಉಬುಂಟು ಓಡಿಸಿ ವೈಫೈ, ಸೌಂಡ್ ಪರೀಕ್ಷಿಸಿದೆ. ಎರಡೂ ಸರಿ ಇದ್ದವು. ಆದರೆ ಒಳಗಿನ ಎಸ್‌ಎಸ್‌ಡಿಯೇ ಕಾಣಲಿಲ್ಲ!

ತುಂಬ ಹೊತ್ತು ಎಸ್‌ಎಸ್‌ಡಿ ಕೆಟ್ಟಿದೆಯೇನೋ ಎಂದೇ ಅಂಜಿದ್ದೆ. ಕೆಟ್ಟಿರಲಿಲ್ಲ. ಬಯಾಸ್ (ಯಂತ್ರ ಆನ್ ಆದಾಗ ಮೊದಲು ಓಡುವ ಸಾಫ್ಟ್‌ವೇರ್) ಸೆಟ್ಟಿಂಗಿನಲ್ಲಿ ಸ್ಟೋರೇಜ್ ಮೋಡ್, ಅಂದರೆ ಯಂತ್ರ ಡಿಸ್ಕಿನೊಡನೆ ವ್ಯವಹರಿಸುವ ಬಗೆ, ರೇಡ್ ಎಂದಿತ್ತು, ಉಬುಂಟುವಿಗೆ ಬೇಕಿದ್ದದ್ದು ಎಎಚ್‌ಸಿಐ. ಆದರೆ ಸುಮ್ನೆ ಅದನ್ನು ಬದಲಿಸಿಬಿಟ್ಟರೆ ವಿಂಡೋಸ್ ಏಳುವುದಿಲ್ಲ, ಹೊಸ ಮೋಡಿಗೆ ಬೇಕಾದ ಡ್ರೈವರನ್ನು ಅದು ಬೂಟ್ ಹೊತ್ತಿಗೆ ತೆಗೆದುಕೊಂಡಿರುವುದಿಲ್ಲ. ಅದಕ್ಕೆ ಮುಂದಿನ ಸಲ ಸೇಫ್ ಮೋಡಿನಲ್ಲಿ (ತೀರಾ ಅಗತ್ಯವಾದದ್ದಷ್ಟೇ ಓಡುವ ಸ್ಥಿತಿ) ಏಳುವಂತೆ ಮೊದಲೇ ವಿಂಡೋಸ್‌ಗೆ ಹೇಳಿಟ್ಟೆ. ರೀಸ್ಟಾರ್ಟ್ ಮಾಡುವಾಗ ಬಯಾಸ್‌ನಲ್ಲಿ ಎಎಚ್‌ಸಿಐಗೆ ಬದಲಿಸಿದೆ. ಸೇಫ್ ಮೋಡಿನಲ್ಲಿ ಎದ್ದ ವಿಂಡೋಸ್ ಸರಿಯಾದ ಡ್ರೈವರ್ ಹಿಡಿದುಕೊಂಡಿತು. ಆಮೇಲೆ ಸೇಫ್ ಮೋಡ್ ತೆಗೆದೆ. ಮತ್ತೆ ಪೆನ್‌ಡ್ರೈವ್ ಹಾಕಿದಾಗ ಎಸ್‌ಎಸ್‌ಡಿ ಎದುರಿಗೇ ಇತ್ತು.

ಇನ್‌ಸ್ಟಾಲ್ ಮಾಡುವಾಗ ಪಾರ್ಟಿಷನ್‌ಗಳನ್ನು ನಾನೇ ಆರಿಸಿದೆ. ಖಾಲಿ 120 ಜಿಬಿಯಲ್ಲಿ ಅರ್ಧ ಸಿಸ್ಟಮ್ಮಿಗೆ, ಅರ್ಧ ಹೋಮ್‌ಗೆ, ಅಂದರೆ ನನ್ನ ಸ್ವಂತ ಕಡತಗಳಿಗೆ. ಹೋಮ್ ಬೇರೆ ಇದ್ದರೆ ನಾಳೆ ಉಬುಂಟು ಮತ್ತೆ ಹಾಕಬೇಕಾದರೂ ನನ್ನ ಕೆಲಸ ಉಳಿಯುತ್ತದೆ, ಅಲ್ವಾ? ಪಟ್ಟಿಯ ಆರಂಭದಲ್ಲಿ 100 ಎಂಬಿಯ ಇಎಫ್‌ಐ ಪಾರ್ಟಿಷನ್ ಕಾಣುತ್ತದೆ. ವಿಂಡೋಸ್ ಏಳುವುದು ಅದರಿಂದಲೇ. ಉಬುಂಟು ತನ್ನ ಬೂಟ್ ಕಡತಗಳನ್ನು ಅದರಲ್ಲೇ ಇನ್ನೊಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಅದನ್ನು ಬಳಸಲು ಹೇಳಬೇಕು, ಫಾರ್ಮ್ಯಾಟ್ ಮಾಡಲು ಹೇಳಬಾರದು. ಆ ಒಂದು ಟಿಕ್ ಇಲ್ಲವೆಂದು ಮೂರು ಸಲ ನೋಡಿ ಮುಂದುವರಿದೆ.

ಎರಡೂ ಎದ್ದವು. ಮರುದಿನ ವಿಂಡೋಸ್‌ನಲ್ಲಿ ಸಮಯ ಕೆಲವು ಗಂಟೆ ಹಿಂದೆ ಬಿದ್ದಿತ್ತು. ಮದರ್‌ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯ ಇದೆ ಎಂದು ವಿಂಡೋಸ್ ತಿಳಿಯುತ್ತದೆ, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮಾನಕ ಸಮಯ) ಇದೆ ಎಂದು ಲಿನಕ್ಸ್ ತಿಳಿಯುತ್ತದೆ. ಉಬುಂಟುವಿನ ಟರ್ಮಿನಲ್ಲಿನಲ್ಲಿ ಒಂದೇ ಸಾಲಿನ ಆಜ್ಞೆ ಕೊಟ್ಟು, ಅದೂ ಸ್ಥಳೀಯ ಸಮಯವನ್ನೇ ಇಡುವಂತೆ ಮಾಡಿದೆ. ಲೆಕ್ಕದ ಸಾಫ್ಟ್‌ವೇರಿನಲ್ಲಿ ತಾರೀಕು ತಪ್ಪಾದರೆ ದಾಖಲೆಯೇ ತಪ್ಪಾಗುತ್ತಿತ್ತು.

ಕೆಲವು ತಿಂಗಳ ನಂತರ ಒಂದು ಅಪ್‌ಡೇಟ್ ಆದ ಮೇಲೆ ಯಾವ ಸಿಸ್ಟಮ್ ಬೇಕೆಂದು ಕೇಳುವ ಗ್ರಬ್ ಮೆನು ಬರದೆ ನೇರ ವಿಂಡೋಸ್ ತೆರೆಯಿತು. ಉಬುಂಟು ಎಲ್ಲಿಗೂ ಹೋಗಿರಲಿಲ್ಲ, ಬೂಟ್ ಕ್ರಮ ಮಾತ್ರ ಬದಲಾಗಿತ್ತು. ಬಯಾಸ್‌ನಲ್ಲಿ ಉಬುಂಟುವನ್ನು ಮತ್ತೆ ಮೇಲಕ್ಕೆ ತಂದೆ, ಅಷ್ಟೇ. ಗ್ರಬ್ ಮೆನುವಿನಲ್ಲಿ ತಾನಾಗಿ ಆಯ್ಕೆಯಾಗುವುದು ಈಗ ವಿಂಡೋಸ್. ಮನೆಯವರು ಏನೂ ಒತ್ತದಿದ್ದರೂ ಅವರ ಕೆಲಸ ಶುರುವಾಗುತ್ತದೆ. ನನಗೆ ಉಬುಂಟು ಬೇಕಾದಾಗ 10 ಸೆಕೆಂಡಿನೊಳಗೆ ಬಾಣದ ಕೀ ಒತ್ತುತ್ತೇನೆ.